ಇಪ್ಪತ್ತೈದನೇ ಗುಲಾಬಿ

ಬೆಳಗಿನ ಐದೂಕಾಲು. ಮನಿಲಾ ಪಕ್ಕದ ಮರಿಕಿನಾದ ಬಾಸ್ಕೆಟ್‌ಬಾಲ್ ಅಂಗಳದ ತಗಡಿನ ಚಾವಣಿಯ ಕೆಳಗೆ ಒಂದೇ ಒಂದು ದೀಪ ಉರಿಯುತ್ತಿದೆ. ನಡುಗೆರೆಯ ಮೇಲೆ ಡೆಲ್ಫಿನ್ ಬಲಿಂಗಿಟ್ ನಿಂತಿದ್ದಾರೆ. ಅವರ ಎಡಗೈಯಲ್ಲಿ ಅಲಿಂಗ್ ಪೂರಿಂಗ್ ಅವರ ಬಲಗೈ ಇದೆ, ಅವರ ಬಲಗೈ ಆಕೆಯ ಬೆನ್ನಿನ ಮೇಲಿದೆ. ಹಾಡು ಹಾಕಿಲ್ಲ, ಬಾಯಲ್ಲೇ ಎಣಿಕೆ ನಡೆದಿದೆ.

"ಒತ್ತಿದ್ಯೋ ಇಲ್ವೋ?"

"ಒತ್ತಿದೆ ಅಮ್ಮಾ."

"ಗೊತ್ತೇ ಆಗ್ಲಿಲ್ಲ. ಇನ್ನೂ ಜೋರಾಗಿ ಒತ್ತು ಫಿನ್. ನಾನೇನು ಕೋಳಿಮೊಟ್ಟೆನಾ, ಒಡೆದುಹೋಗೋಕೆ?"

ಅಲಿಂಗ್ ಪೂರಿಂಗ್ ನಲವತ್ತು ವರ್ಷ ಮಾರುಕಟ್ಟೆಯಲ್ಲಿ ಒಣಮೀನು ಮಾರಿದವರು. ಇವತ್ತು ಭಾನುವಾರ, ಅವರಿಗೆ ಎಪ್ಪತ್ತೈದು ತುಂಬುತ್ತದೆ. ಸಕ್ಕರೆ ಕಾಯಿಲೆ ಅವರ ಎಡಪಾದವನ್ನು ಪೂರ್ತಿ ಮರಗಟ್ಟಿಸಿಬಿಟ್ಟಿದೆ. ನೆಲ ಮುಟ್ಟಿದ್ದು, ಬಿಟ್ಟಿದ್ದು ಯಾವುದೂ ಆ ಕಾಲಿಗೆ ತಿಳಿಯುವುದಿಲ್ಲ. ಅದಕ್ಕೇ ಡೆಲ್ಫಿನ್ ಉಂಗುರದ ಬೆರಳಿನ ಭಾಷೆಯೊಂದನ್ನು ಮಾಡಿಕೊಂಡಿದ್ದಾರೆ. ಎಡಪಾದ ಸರಿಯಾಗಿ ಊರಿತೋ ಇಲ್ಲವೋ ಎಂಬುದು ಆಕೆಗಿಂತ ಮೊದಲು ಅವರ ಅಂಗೈಗೆ, ಆಕೆಯ ಬೆನ್ನಿನ ಮೂಲಕ ಗೊತ್ತಾಗುತ್ತದೆ. ಊರಿದ ಕೂಡಲೇ ಬೆರಳು ಒಮ್ಮೆ ಒತ್ತುತ್ತದೆ. ಒತ್ತದೆ ಇದ್ದರೆ ಆಕೆ ಆ ಕಾಲಿನ ಮೇಲೆ ಭಾರ ಬಿಡಬಾರದು.

ಈ ವಿಷಯ ಗೊತ್ತಿರುವುದು ಇವರಿಬ್ಬರಿಗೆ ಮತ್ತು ಡಾಕ್ಟರಿಗೆ. "ಕುಣೀರಿ, ಒಳ್ಳೇದೇ. ಆದ್ರೆ ಬೀಳ್ಬೇಡಿ, ಗಾಯ ಆದ್ರೆ ಮಾಯೋದಿಲ್ಲ" ಎಂದು ಡಾಕ್ಟರು ಹೇಳಿದ್ದಾರೆ. ಮಗ ಎಲ್ಮೆರ್‌ಗೆ ಹೇಳಿಲ್ಲ. ಹೋದ ವರ್ಷ ಚರ್ಚಿನ ಮೆಟ್ಟಿಲಲ್ಲಿ ತಾಯಿ ಜಾರಿದಾಗ ಮೆಟ್ಟಿಲು ಒದ್ದೆಯಿತ್ತೆಂದೇ ಅವನು ನಂಬಿದ. ಆದರೂ ಅಪ್ಪನ ಫೋಟೋ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡ: ಇನ್ನೊಮ್ಮೆ ನಾಲ್ಕು ಜನರೆದುರು ಕಾಲು ತಪ್ಪಿದರೆ ಕುಣಿತಕ್ಕೆ ಅಲ್ಲಿಗೇ ಮಂಗಳ. ಇವತ್ತು ಮಧ್ಯಾಹ್ನ ಮೂರಕ್ಕೆ ನಾಲ್ಕಲ್ಲ, ನೂರಾ ಇಪ್ಪತ್ತು ಜನ ಸೇರುತ್ತಾರೆ.

ಕುಣಿತವೇ ತಪ್ಪಿದರೆ ಏನಾಗುತ್ತದೆ ಎಂದು ಕೇಳಿದರೆ ಅಲಿಂಗ್ ಪೂರಿಂಗ್ ರೇಗುತ್ತಾರೆ. "ಏನಾಗುತ್ತೆ? ಟೀವಿ ಮುಂದೆ ಕೂತು ಮಾತ್ರೆ ನುಂಗ್ಕೊಂಡು ಇರ್ಬೇಕು. ಗಂಡ ಹೋದ್ಮೇಲೆ ನನ್ನನ್ನ ಯಾರಾದ್ರೂ 'ಬನ್ನಿ' ಅಂತ ಕೈ ಹಿಡಿದು ಕರೆಯೋದು ಇಲ್ಲಿ ಮಾತ್ರ ಕಣಪ್ಪ."

ಊರು ಡೆಲ್ಫಿನ್ ಅವರಂಥವರನ್ನು ಡಿ.ಐ. ಎನ್ನುತ್ತದೆ. ಬಿಡಿಸಿ ಹೇಳಿದರೆ ಡಾನ್ಸ್ ಇನ್‌ಸ್ಟ್ರಕ್ಟರ್. ಕಲಿಸುವುದು ಹೆಸರಿಗೆ, ಅಸಲಿಗೆ ಗಂಟೆಗಿಷ್ಟು ಎಂದು ಪಡೆದು ಜೊತೆಗೆ ಕುಣಿಯುವುದು ಕೆಲಸ. ಮಧ್ಯಾಹ್ನ ಒಂದರಿಂದ ಐದರವರೆಗೆ ಹೋಟೆಲಿನ ಮೇಲಂತಸ್ತಿನ ಹಾಲ್‌ನಲ್ಲಿ ದಿನಕ್ಕೊಂದು ಮೇಜು, ಅಂದರೆ ನಾಲ್ವರು ಹೆಂಗಸರ ಒಂದು ಗುಂಪು, ಅವರ ಪಾಲಿಗೆ ಬರುತ್ತದೆ. ಸರದಿ ತಪ್ಪುವಂತಿಲ್ಲ. ಒಬ್ಬರೊಂದಿಗೆ ಎರಡು ಹಾಡು ಒಟ್ಟಿಗೆ ಕುಣಿದರೆ ಸಂಜೆಯೊಳಗೆ ಊರೆಲ್ಲ ಗುಲ್ಲು. ನಲವತ್ತು ಹಾಡು, ಮೂರು ಅಂಗಿ, ಎರಡು ಟವೆಲ್. ಹೆಂಗಸರು ಸರದಿಯಲ್ಲಿ ಕೂತು ಬೀಸಿಕೊಳ್ಳುತ್ತಾರೆ, ಡಿ.ಐ. ಮಾತ್ರ ಕೂರುವಂತಿಲ್ಲ. ಬೆಳಗ್ಗೆ ಬೆಳ್ಳುಳ್ಳಿ ಅನ್ನ ತಿನ್ನುವಂತಿಲ್ಲ, ಒಣಮೀನಂತೂ ದೂರವೇ ಉಳಿಯಿತು. ಇದೆಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿದೆ: ಮನೆಯವರು ಕುಣಿಯುವಾಗ ಬಾಡಿಗೆಯವನು ಬದಿಗೆ ನಿಲ್ಲಬೇಕು. ಗಂಡನೋ ಮಗನೋ ಎದ್ದು ಬಂದರೆ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಇದನ್ನು ಮೀರಿದವನಿಗೆ ಮತ್ತೆ ಮೇಜು ಸಿಗುವುದಿಲ್ಲ.

ಐವತ್ತೊಂಬತ್ತು ವರ್ಷದ ಡೆಲ್ಫಿನ್ ಈ ಕೆಲಸಕ್ಕೆ ಬಂದು ಇಪ್ಪತ್ತೆಂಟು ವರ್ಷವಾಗಿದೆ. ಅದಕ್ಕೂ ಮೊದಲು ಅವರು ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುತ್ತಿದ್ದರು. ಹೊರಗಿನ ಅಗ್ಗದ ಮಾಲು ಬಂದು ಮರಿಕಿನಾದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡಾಗ ಕೈಯಲ್ಲಿ ಉಳಿದದ್ದು ಒಂದು ದಬ್ಬಣ, ಕಾಲಲ್ಲಿ ಉಳಿದದ್ದು ಅಜ್ಜಿ ಕಲಿಸಿದ ಹೆಜ್ಜೆ.

ಅಜ್ಜಿ ತಾಸ್ಯಾ ಎರಡನೇ ಮಹಾಯುದ್ಧಕ್ಕೆ ಮುಂಚೆ ಕ್ಯಾಬರೆ ಎಂಬ ಕುಣಿತದ ಹಾಲ್‌ನಲ್ಲಿ ಕೂಲಿಗೆ ಕುಣಿಯುತ್ತಿದ್ದವಳು. ಮನಿಲಾ ನಗರದೊಳಗೆ ಅಂಥ ಹಾಲ್ ನಡೆಸಲು ಅಪ್ಪಣೆ ಇರಲಿಲ್ಲವೆಂದು ನಗರದ ಗಡಿ ದಾಟಿದೊಡನೆ ಕಟ್ಟಿಕೊಂಡಿದ್ದರು. ಹುಡುಗಿಯರು ಸಾಲಾಗಿ ಬೆಂಚಿನ ಮೇಲೆ ಕೂರಬೇಕು. ಗುಮಾಸ್ತರು, ನಾವಿಕರು, ಸಿಪಾಯಿಗಳು ಬಾಗಿಲಲ್ಲಿ ಚೀಟಿ ಕೊಂಡು ಬರುತ್ತಿದ್ದರು. ಒಂದು ಚೀಟಿಗೆ ಒಂದು ಹಾಡು, ಅರ್ಧ ಹಾಲ್‌ಗೆ, ಅರ್ಧ ಅವಳಿಗೆ. ಅದೇ ಹೊತ್ತಿಗೆ ಅವಳ ತಮ್ಮ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಬೆನ್ನು ಬಗ್ಗಿಸಿ ದುಡಿದು, ಶನಿವಾರ ಕೋಟು ತೊಟ್ಟು, ಅಲ್ಲಿಯ ಬಿಳಿ ಹುಡುಗಿಯರ ಜೊತೆ ಕುಣಿಯಲು ಇಂಥದೇ ಚೀಟಿ ಕೊಳ್ಳುತ್ತಿದ್ದ. "ಅಕ್ಕ ಇಲ್ಲಿ ಮಾರ್ತಿದ್ಲು, ತಮ್ಮ ಅಲ್ಲಿ ಕೊಳ್ತಿದ್ದ. ಇಬ್ರೂ ಅಮ್ಮಂಗೆ ಬರೆಯೋ ಕಾಗದದಲ್ಲಿ 'ಒಳ್ಳೆ ಕೆಲ್ಸ ಸಿಕ್ಕಿದೆ' ಅಂತಿದ್ರಂತೆ" ಎಂದು ಡೆಲ್ಫಿನ್ ನಗುತ್ತಾರೆ.

ಚರ್ಚಿನಲ್ಲಿ ಅಜ್ಜಿ ಕಡೆಯ ಬೆಂಚಿನಲ್ಲೇ ಕೂರುತ್ತಿದ್ದಳು. ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕಾಲ ಉರುಳಿ ಚೀಟಿ ಹೋಯಿತು, ಬೆಂಚು ಹೋಯಿತು, ದುಡ್ಡು ಕೊಡುವ ಸರದಿ ಹೆಂಗಸರಿಗೆ ಬಂತು. ಕುಣಿಯುವ ಕೂಲಿಯವರ ಬಗ್ಗೆ ಜನ ಮೂಗು ಮುರಿಯುವುದು ಮಾತ್ರ ನಿಂತಿಲ್ಲ. ಡೆಲ್ಫಿನ್ ಹೆಂಡತಿ ಲೂಸಿಂಗ್ ಇಸ್ತ್ರಿ ಮಾಡುತ್ತಲೇ ಮಾತು ಸೇರಿಸುತ್ತಾರೆ: "ಹೊರಗೆ ಊರಿನ ಹೆಂಗಸ್ರನ್ನೆಲ್ಲ ಕುಣಿಸ್ತಾನೆ. ಮನೆಗೆ ಬಂದು ಬಾ ಅಂದ್ರೆ ಮೊಣಕಾಲು ನೋವು ಅಂತಾನೆ."

ಇವತ್ತಿನ ದಿಗಿಲು ಗುಲಾಬಿಗಳದು. ಹುಟ್ಟುಹಬ್ಬದ ಹೆಂಗಸಿಗೆ ವಯಸ್ಸಿನ ವರ್ಷಕ್ಕೊಬ್ಬರಂತೆ ಮನೆಯ ಗಂಡಸರು ಒಂದೊಂದು ಗುಲಾಬಿ ಕೊಟ್ಟು, ಸರದಿಯಲ್ಲಿ ಒಂದಷ್ಟು ಹೆಜ್ಜೆ ಕುಣಿಯಬೇಕು. ಎಪ್ಪತ್ತೈದು ಗಂಡಸರನ್ನು ಎಲ್ಲಿಂದ ತರುವುದು? ಮೂರು ವರ್ಷಕ್ಕೊಂದು ಗುಲಾಬಿ ಎಂದು ಇಪ್ಪತ್ತೈದಕ್ಕೆ ಇಳಿಸಿದ್ದಾರೆ. ಡೆಲ್ಫಿನ್ ಕೈಯಲ್ಲಿ ಆಕೆ ಬೀಳುವುದಿಲ್ಲ. ಆ ಇಪ್ಪತ್ತೈದು ಕೈಗಳಿಗೆ ಬೆರಳಿನ ಭಾಷೆ ಬರುವುದಿಲ್ಲ.

"ಹೆಜ್ಜೆ ಹಾಕ್ಲೇಬೇಡಿ ಅಮ್ಮಾ. ನಿಂತಲ್ಲೇ ತೂಗಾಡಿ, ಭಾರ ಪೂರ್ತಿ ಬಲಗಾಲಿಗೆ. ನಾನು ಒಂದು ಮಾರು ಹಿಂದೆ ಇರ್ತೀನಿ."

"ಎಲ್ಮೆರ್ ಎಳೆದಾಡಿದ್ರೆ?"

"ಎಲ್ಮೆರ್ ಸಾರ್‌ಗೆ ಕುಣಿಯೋಕೇ ಬರಲ್ವಲ್ಲ. ಅವ್ರದ್ದು ಭಯ ಇಲ್ಲ ಬಿಡಿ."

ಮಧ್ಯಾಹ್ನ ಮೂರು. ಹುಟ್ಟುಹಬ್ಬದ ಹಾಲ್‌ನಲ್ಲಿ ಇಡೀ ಹಂದಿಯ ರೋಸ್ಟು ಮೇಜಿನ ಮೇಲಿದೆ, ಯಾರೂ ಇನ್ನೂ ಮುಟ್ಟಿಲ್ಲ. ಮೈಕ್ ಹಿಡಿದ ಸೊಸೆ ಹೆಸರು ಕೂಗುತ್ತಾಳೆ, ನಿಧಾನ ತಾಳದ ಬೊಲೆರೊ ಹಾಡು ಶುರುವಾಗುತ್ತದೆ. ಡೆಲ್ಫಿನ್ ಕಪ್ಪಂಗಿ ತೊಟ್ಟು ಹಿಂದೆ ನಿಂತಿದ್ದಾರೆ. ಒಬ್ಬೊಬ್ಬರಾಗಿ ಬರುತ್ತಾರೆ, ತೂಗುತ್ತಾರೆ, ಹೂ ಕೊಟ್ಟು ಕೆನ್ನೆಗೆ ಮುತ್ತಿಟ್ಟು ಹೋಗುತ್ತಾರೆ. ಏಳನೆಯವನು ಮೈದುನ. ಹೊಟ್ಟೆಯಲ್ಲಿ ಆಗಲೇ ಎರಡು ಬಿಯರ್ ಇದೆ. ಅತ್ತಿಗೆಯನ್ನು ಹಿಂದಕ್ಕೆ ನಡೆಸಲು ಹೊರಡುತ್ತಾನೆ. "ಸಾರ್, ಸಾರ್, ಕ್ಯಾಮೆರಾ ಈ ಕಡೆ!" ಎಂದು ಡೆಲ್ಫಿನ್ ನಗುತ್ತಲೇ ಅವನ ಭುಜ ಹಿಡಿದು ಅವನನ್ನೇ ತಿರುಗಿಸಿಬಿಡುತ್ತಾರೆ. ಹಾಲ್‌ ನಗುತ್ತದೆ. ಹದಿನಾರರ ಹೊತ್ತಿಗೆ ಅಲಿಂಗ್ ಪೂರಿಂಗ್ ಅವರ ಬಲ ಮೊಣಕಾಲು ಸಣ್ಣಗೆ ನಡುಗುತ್ತಿದೆ. ಇಪ್ಪತ್ತು. ಇಪ್ಪತ್ತಮೂರು. ಡೆಲ್ಫಿನ್ ಅಂಗಿಯ ಬೆನ್ನು ಪೂರ್ತಿ ಒದ್ದೆ.

ಇಪ್ಪತ್ತೈದನೆಯವನು ಎಲ್ಮೆರ್. ಹಾರ್ಡ್‌ವೇರ್ ಅಂಗಡಿಯ ಮಾಲೀಕ, ನಲವತ್ತೆಂಟು ವರ್ಷದ ಗಟ್ಟಿ ಆಳು, ಹುಟ್ಟಿದಾಗಿನಿಂದ ಒಂದು ಹೆಜ್ಜೆ ಕುಣಿದವನಲ್ಲ. ಆದರೆ ಎರಡು ವಾರದಿಂದ ಅಂಗಡಿಯ ಶಟರ್ ಎಳೆದುಕೊಂಡು, ಫೋನಿನಲ್ಲಿ ನೋಡಿ ನೋಡಿ, ತಾಯಿಗೆ ಗೊತ್ತಾಗದ ಹಾಗೆ ಒಂದು ಪಟ್ಟು ಕಲಿತಿದ್ದಾನೆ. ಅದನ್ನು ತೋರಿಸುವ ಆಸೆ ಅವನ ಮುಖದಲ್ಲಿ ಈಗ ತುಂಬಿಕೊಂಡಿದೆ. ತಾಯಿಯ ಬಲಗೈ ಹಿಡಿದ ಅವನ ಎಡಭುಜ ಮೇಲೇಳುತ್ತದೆ. ಆಕೆಯನ್ನು ಗಿರ್ರನೆ ಸುತ್ತಿಸುವ ತಯಾರಿ ಅದು. ಅವನು ತಿರುಗಿಸುವ ದಿಕ್ಕಿಗೆ ಆಕೆ ಎಡಪಾದದ ಮೇಲೇ ಸುತ್ತಬೇಕು.

ಡೆಲ್ಫಿನ್ ಅವರಿಗೆ ಕೈ ಕಾಣುವುದಕ್ಕೆ ಮೊದಲೇ ಭುಜ ಕಂಡಿದೆ. ಕೂಗಿ ಹೇಳಿದರೆ ಗುಟ್ಟು ರಟ್ಟು, ಸುಮ್ಮನಿದ್ದರೆ ಆಕೆ ನೆಲಕ್ಕೆ. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಮಾಡದ್ದನ್ನು ಅವರು ಮಾಡುತ್ತಾರೆ. ತಾಯಿ ಮಗನ ನಡುವೆ ನುಗ್ಗಿ, ಆಕೆಯ ಬೆನ್ನಿಗೆ ಕೈ ಕೊಟ್ಟು, ಹಾಡು ನಡೆಯುತ್ತಿರುವಾಗಲೇ ಆಕೆಯನ್ನು ತಮ್ಮ ಕಡೆಗೆ ಸೆಳೆದುಕೊಂಡು ಮೂರು ಹೆಜ್ಜೆ ದೂರ ಒಯ್ಯುತ್ತಾರೆ.

ಎಲ್ಮೆರ್ ಎತ್ತಿದ ಕೈ ಹಾಗೇ ಉಳಿಯುತ್ತದೆ. ಹಾಲ್‌ ತುಂಬ "ಅಯ್ಯೋ" ಎನ್ನುವ ಉದ್ಗಾರ.

"ಏನ್ರೀ ಇದು? ನಾನಿನ್ನೂ ಕುಣೀತಿದ್ದೀನಿ!" ಎಂದವನು ಮರುಕ್ಷಣ ದನಿ ಏರಿಸುತ್ತಾನೆ. "ನೀನ್ಯಾರೋ ನಡುವೆ ಬರೋಕೆ? ಬಾಡಿಗೆಗೆ ಬಂದೋನು!"

ಅಲಿಂಗ್ ಪೂರಿಂಗ್ ಬಾಯಿ ತೆರೆಯುತ್ತಾರೆ. ಉಂಗುರದ ಬೆರಳು ಬಲವಾಗಿ ಒತ್ತುತ್ತದೆ. ಸುಮ್ಮನಿರಿ ಎಂಬುದು ಆಕೆಗೆ ಅರ್ಥವಾಗುತ್ತದೆ.

"ತಪ್ಪಾಯ್ತು ಸಾರ್. ಹಾಡು ಮುಗೀತು ಅಂದ್ಕೊಂಡೆ."

ಪಕ್ಕದ ಮೇಜುಗಳಲ್ಲಿ ಕುಣಿತ ಬಲ್ಲ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಡು ಯಾವಾಗ ಮುಗಿಯುತ್ತದೆಂದು ತಿಳಿಯದ ಡಿ.ಐ. ಅವರ ಲೆಕ್ಕದಲ್ಲಿ ಮುಗಿದುಹೋದವನು. ಇಲ್ಲವೇ ದೊಡ್ಡವರ ಮನೆಯ ಕ್ಯಾಮೆರಾ ಮುಂದೆ ಮೆರೆಯಲು ಹೋದವನು. ಎರಡರಲ್ಲಿ ಯಾವುದಾದರೂ ಮಾನ ಹೋದಂತೆಯೇ.

ಸೋಮವಾರದ ಹೊತ್ತಿಗೆ ಆ ವಿಡಿಯೋ ಮರಿಕಿನಾದ ಫೋನುಗಳಲ್ಲೆಲ್ಲ ಓಡಾಡುತ್ತಿದೆ. ಮಂಗಳವಾರ ಅವರ ವಾರದ ಮೇಜುಗಳಲ್ಲಿ ಎರಡು ಕೈಕೊಡುತ್ತವೆ. ಮೂವತ್ತರ ಪ್ರಾಯದ ಡಿ.ಐ.ಗಳು ಹಾಲ್‌ನ ಬಾಗಿಲಲ್ಲಿ "ಹಾಡು ಮುಗೀತಾ ಮಾಂಗ್ ಡೆಲ್ಫಿನ್?" ಎಂದು, ಹಿರಿಯರಿಗೆ ಹೇಳುವ 'ಮಾಂಗ್' ಸೇರಿಸಿಯೇ, ಕಿಚಾಯಿಸುತ್ತಾರೆ. ಲೂಸಿಂಗ್ ಇಸ್ತ್ರಿಪೆಟ್ಟಿಗೆ ಕುಕ್ಕಿ ಕೇಳುತ್ತಾರೆ: "ಹಾಡು ಮುಗೀತು ಅಂದ್ಕೊಂಡ್ಯಾ? ನಿದ್ದೇಲೂ ಕಾಲಲ್ಲಿ ತಾಳ ಹಾಕೋನು ನೀನು! ಯಾರಿಗೆ ಹೇಳ್ತೀಯಾ ಈ ಕತೆ?" ಡೆಲ್ಫಿನ್ ಹೆಂಡತಿಗೂ ನಿಜ ಹೇಳುವುದಿಲ್ಲ.

ಸೋಮವಾರ, ಮಂಗಳವಾರ, ಬುಧವಾರ, ಮೂರು ಬೆಳಗೂ ಅವರು ಅಂಗಳದಲ್ಲಿ ಒಬ್ಬರೇ ನಿಂತು ಕಾಯುತ್ತಾರೆ. ಅಲಿಂಗ್ ಪೂರಿಂಗ್ ಬರುವುದಿಲ್ಲ.

ಗುರುವಾರ ಬರುತ್ತಾರೆ, ಜೊತೆಗೆ ಎಲ್ಮೆರ್ ಇದ್ದಾನೆ. ಕೈಕಟ್ಟಿ ಗೆರೆಯಾಚೆಗೇ ನಿಲ್ಲುತ್ತಾನೆ. ಮೊದಲು ಮಾತಾಡುವುದು ಅಲಿಂಗ್ ಪೂರಿಂಗ್.

"ತಡೀಲಿಲ್ಲ ಫಿನ್, ಹೇಳ್ಬಿಟ್ಟೆ. ಬಾಯಿಮಾತಿಗೆ ಇವನು ನಂಬ್ಲಿಲ್ಲ. ಐಸ್ ತಗೊಂಡ್ ಬಾ, ಕಣ್ಣು ಮುಚ್ಕೋತೀನಿ, ಅಂಗಾಲಿಗೆ ಇಡು ಅಂದೆ. ಕೂತೆ, ಕೂತೆ. 'ಇನ್ನೂ ಇಡ್ಲಿಲ್ವೇನೋ?' ಅಂತ ಕೇಳ್ದೆ. ಕಣ್ಣು ಬಿಟ್ಟು ನೋಡಿದ್ರೆ ಕಾಲಡಿ ಎಲ್ಲಾ ನೀರು, ಇವನು ಅಳ್ತಾ ಕೂತಿದ್ದ."

ಎಲ್ಮೆರ್ ಗೆರೆ ದಾಟಿ ಒಳಗೆ ಬರುತ್ತಾನೆ. "ಇನ್ನು ಕುಣಿತ ಬೇಡ ಅಂತ ಹೇಳೋಕೇ ಬಂದಿದ್ದು ನಾನು." ಆಮೇಲೆ ತಾಯಿಯ ಎಡಪಾದದ ಕಡೆ ನೋಡುತ್ತಾನೆ. "ಆವತ್ತು ತಿರುಗಿಸಿದ್ದಿದ್ರೆ ನನ್ನ ಕೈಯಿಂದಾನೇ ಬೀಳಿಸ್ತಿದ್ದೆ. ಅಷ್ಟು ಜನರ ಮುಂದೆ ಹಾಗೆ ಅಂದ್ಬಿಟ್ಟೆ ನಿಮ್ಗೆ." ಕ್ಷಮೆ ಕೇಳುವುದು ಅವನಿಗೆ ಅಭ್ಯಾಸವಿದ್ದಂತಿಲ್ಲ. ಕೊನೆಗೆ ತನ್ನ ಬಲಗೈ ಮುಂದೆ ಚಾಚಿ ಕೇಳುತ್ತಾನೆ: "ಯಾವ ಬೆರಳು?"

ಡೆಲ್ಫಿನ್ ಆ ಕೈ ಹಿಡಿದು ತಾಯಿಯ ಬೆನ್ನಿನ ಮೇಲೆ ಇಡುತ್ತಾರೆ. ಉಂಗುರದ ಬೆರಳನ್ನು ಮುಟ್ಟಿ ತೋರಿಸುತ್ತಾರೆ. ತಾವು ಹಿಂದೆ ನಿಂತು ಬಾಯಲ್ಲಿ ಎಣಿಸುತ್ತಾರೆ. ತಾಯಿ ಮಗ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎಲ್ಮೆರ್ ಬೆವೆತುಹೋಗುತ್ತಾನೆ.

"ತಡವಾಗಿ ಒತ್ತಿದ್ಯಲ್ಲೋ!" ಎಂದು ಗದರುತ್ತಾರೆ ಅಲಿಂಗ್ ಪೂರಿಂಗ್. ಡಾಕ್ಟರ ಬಳಿ ತಾನೂ ಹೋಗಿ ಕೇಳುತ್ತೇನೆ, ಅವರು ಹೂಂ ಎಂದರೆ ಬೆಳಗಿನ ಹೊತ್ತು ಮಾತ್ರ, ಡೆಲ್ಫಿನ್ ಜೊತೆ ಮಾತ್ರ ಎಂದು ಎಲ್ಮೆರ್ ಷರತ್ತು ಹಾಕುತ್ತಾನೆ. ಆಕೆ ಕೇಳಿಸಿಕೊಂಡಂತೆ ಕಾಣುವುದಿಲ್ಲ.

ಬಿಟ್ಟುಹೋದ ಎರಡು ಮೇಜುಗಳು ಇನ್ನೂ ಮರಳಿಲ್ಲ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದರೆ "ಬರೀರಿ, ನನ್ನ ಕಾಲು ತಾನೆ" ಎನ್ನುತ್ತಾರೆ ಅಲಿಂಗ್ ಪೂರಿಂಗ್. ಡೆಲ್ಫಿನ್ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾರೆ. ಹೊಗಳಿಕೆ ಏನೂ ಬೇಡವಂತೆ. ಒಂದೇ ಒಂದು ತಿದ್ದುಪಡಿ ಬೇಕಂತೆ.

"ಆ ಹಾಡು ಮುಗಿದಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು, ಅಷ್ಟು ಹಾಕಿ. ಇನ್ನೂ ಹನ್ನೆರಡು ಎಣಿಕೆ ಬಾಕಿ ಇತ್ತು."