ಮೂರನೆಯ ಚರಣ

ಗೆನ್ಸುಕೆಯ ದನಿ ಎಂಥದ್ದೆಂದರೆ, ಅವನು ಫೋನ್ ಎತ್ತಿ ಹಲೋ ಅಂದರೆ ಆ ಕಡೆಯವರು ಬೆಚ್ಚಿ ಕೆಳಗಿಟ್ಟುಬಿಡುತ್ತಿದ್ದರು. ಶಾಲೆಯಲ್ಲಿ ಅವನಿಗೆ ಹಾಳುಬಾವಿ ಎಂದು ಅಡ್ಡಹೆಸರು. ಅಂದು ಮುಚ್ಚಿದ ಬಾಯಿ ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಕುಶಿರೊ ಬಂದರಿನ ಐಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದದ್ದೂ ಅದಕ್ಕೇ ಇರಬೇಕು. ಆ ಯಂತ್ರಗಳ ಗದ್ದಲದಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ.

ಮೀನು ಮಾರುಕಟ್ಟೆಯ ಹಿಂದೆ ನನ್ನದೊಂದು ಕರೋಕೆ ಅಂಗಡಿ. ಹಗಲು ಮಾತ್ರ. ಕಾಫಿ ಕೊಡುತ್ತೇನೆ, ಯಂತ್ರ ವಾದ್ಯ ನುಡಿಸುತ್ತದೆ, ಬಂದವರು ಪರದೆಯ ಮೇಲಿನ ಸಾಲು ನೋಡಿ ಹಾಡುತ್ತಾರೆ, ಕೆಟ್ಟದಾಗಿ ಹಾಡಿದವರಿಗೆ ಮುಖಕ್ಕೇ ಹೇಳುತ್ತೇನೆ. ಗೆನ್ಸುಕೆ ಹನ್ನೊಂದು ವರ್ಷ ಬಂದು ಮೂಲೆಯಲ್ಲಿ ಕೂತು ಕಾಫಿ ಕುಡಿದು ಹೋದ. ಒಂದು ದಿನವೂ ಮೈಕು ಮುಟ್ಟಿದವನಲ್ಲ. ಹಾಗಿದ್ದವನು ಆ ವರ್ಷ ಆಗಸ್ಟಿನ ಒಂದು ಮಧ್ಯಾಹ್ನ, ಮಂಜಿನಲ್ಲಿ ತೊಯ್ದ ಟೋಪಿಯನ್ನು ಹಿಂಡುತ್ತ ನನ್ನ ಮುಂದೆ ಬಂದು ನಿಂತ.

"ಅಕ್ಕ, ನಂಗೊಂದು ಹಾಡು ಬೇಕು."

"ಯಾರು ಹಾಡೋಕೆ?"

"ನಾನೇ."

"ಸೂರ್ಯ ಯಾವ ಕಡೆ ಹುಟ್ಟಿದ್ನಪ್ಪಾ ಇವತ್ತು?" ಅಂದೆ. ಅವನು ನಗಲಿಲ್ಲ. ಮುಖ ಬಿಳುಚಿಕೊಂಡಿತ್ತು.

"ಅಕ್ಟೋಬರಲ್ಲಿ ನಮ್ಮ ಚಿನಾಮಿ ಮದುವೆ. ಹೆಣ್ಣಿನ ಅಪ್ಪ ಹಾಡ್ಲೇಬೇಕು ಅಂತ ಬೀಗರು ಹಟ ಹಿಡಿದವ್ರೆ. ಆಗಲ್ಲ ಅಂದ್ರೆ ಹುಡುಗಿ ಮುಖ ಸಣ್ಣದಾಗತ್ತೆ. ಹಾಡೋಣ ಅಂದ್ರೆ ಜೀವ ಹೋಗತ್ತೆ."

"ಎರಡು ನಿಮಿಷದ ಹಾಡಿಗೆ ಯಾರ ಜೀವಾನೂ ಹೋಗಲ್ಲ, ಕೂತ್ಕೋ."

"ನನ್ನ ಜೀವ ಅಲ್ಲಕ್ಕ. ಅವಳದ್ದು."

ಕೂತು, ಕಾಫಿ ಆರುವವರೆಗೂ ಮುಟ್ಟದೆ, ಹೇಳಿದ. ಹನ್ನೊಂದು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವನ ಮದುವೆಯ ದಿನ ಅವನಪ್ಪ ಕುಡಿದ ಅಮಲಿನಲ್ಲಿ ಒಂದು ಬಂದರಿನ ಹಾಡು ಹಾಡಿದನಂತೆ. ಅದರಲ್ಲಿ 'ಅಗಲಿಕೆ' ಎಂಬ ಮಾತು ಮೂರು ಸಲ ಬಂತಂತೆ. ನೆಂಟರೆಲ್ಲ ತಲೆ ತಗ್ಗಿಸಿದರು. ಏಳು ವರ್ಷಕ್ಕೆ ಹೆಂಡತಿ ಫುಸಾಕೊ ಆರು ವರ್ಷದ ಚಿನಾಮಿಯನ್ನು ಅತ್ತೆಯ ಮಡಿಲಿಗೆ ಹಾಕಿ, ಇವನನ್ನು ಬಿಟ್ಟು ದೂರದ ಹಕೊದಾತೆ ಊರಿಗೆ ಹೊರಟುಹೋದಳು.

"ಅಪ್ಪನ ಬಾಯಿಂದ ಬಂದ ಮಾತು ನಂಗೆ ತಗುಲ್ತು. ಈಗ ನನ್ನ ಬಾಯಿಂದ ಏನಾದ್ರೂ ಬಂದು ನನ್ನ ಮಗಳಿಗೆ ತಗುಲಿದ್ರೆ?"

ನಗಬಹುದಿತ್ತು. ಆದರೆ ನಾನೂ ಈ ನೆಲದವಳೇ. ಮದುವೆಯಲ್ಲಿ ನಾವು ಕೇಕನ್ನು ಕೂಡ ಕತ್ತರಿಸುವುದಿಲ್ಲ, ಚಾಕು 'ಇಡುತ್ತೇವೆ'. ಊಟ 'ಮುಗಿಯಿತು' ಅನ್ನುವುದಿಲ್ಲ, 'ತೆರೆಯಿತು' ಅನ್ನುತ್ತೇವೆ. ಅಗಲು, ಮುರಿ, ಮರಳು, ಮುಗಿ, ಇವನ್ನೆಲ್ಲ ಬಾಗಿಲ ಹೊರಗೇ ಬಿಟ್ಟು ಒಳಗೆ ಬರಬೇಕು. ನಂಬಿಕೆಯೋ ರೂಢಿಯೋ, ನಾಲಿಗೆಯನ್ನು ಹಿಡಿದುಕೊಂಡೇ ಕೂರುತ್ತೇವೆ.

ಹಾಡಿನ ಪಟ್ಟಿಯ ಪುಸ್ತಕ ತೆಗೆದೆ. ಆಗ ನನಗೇ ಅರಿವಾಯಿತು: ದಪ್ಪ ದನಿಯ ಗಂಡಸರಿಗೆಂದು ಬರೆದ ಹಾಡುಗಳಲ್ಲಿ ಒಬ್ಬನೂ ಮನೆಯಲ್ಲಿ ಕೂತು ಊಟ ಮಾಡುವುದಿಲ್ಲ. ಎಲ್ಲರೂ ಹಡಗು ಹತ್ತುತ್ತಾರೆ, ಮಳೆಯಲ್ಲಿ ನೆನೆಯುತ್ತಾರೆ, ಒಬ್ಬಳನ್ನು ಬಿಟ್ಟುಬಂದು ಇನ್ನೊಂದು ಊರಿನಲ್ಲಿ ಕುಡಿಯುತ್ತಾರೆ. ಗೆನ್ಸುಕೆ ಕೆಂಪು ಪೆನ್ಸಿಲ್ ಹಿಡಿದು ಒಂದೊಂದನ್ನೇ ಹೊಡೆದುಹಾಕಿದ. ಎರಡು ವಾರದಲ್ಲಿ ಪುಟಗಳು ಕೆಂಪಾದವು. ಪಾಪಿ, ನನ್ನ ಪುಸ್ತಕ ಹಾಳುಮಾಡಿದ.

ಮದುವೆಗೆ ಒಪ್ಪುವ ಹಾಡುಗಳೆಲ್ಲ ಎಳೆಯ ಗಂಟಲಿನವರವು. ಮೇಲಿನ ಸ್ವರಕ್ಕೆ ಹೋದರೆ ಅವನ ಕತ್ತಿನ ನರ ಉಬ್ಬುತ್ತಿತ್ತು. ಶ್ರುತಿ ಇಳಿಸುವ ಗುಂಡಿ ಒತ್ತಿದ, ಮತ್ತೊಮ್ಮೆ ಒತ್ತಿದ. ಕೊನೆಗೆ ದನಿ ಎಷ್ಟು ಕೆಳಗೆ ಹೋಯಿತೆಂದರೆ ಸುಮ್ಮನೆ ಮೇಜು ಗುಂಯ್ ಅನ್ನುತ್ತಿತ್ತು, ಹಾಡು ಕೇಳಿಸಲಿಲ್ಲ.

"ಇಳಿಸಿ ಇಳಿಸಿ ಪಾತಾಳ ಸೇರ್ತೀಯ, ಬಿಡು. ಹೆಂಗಸರ ಹಾಡು ಹಾಡು."

"ಅಕ್ಕಾ!"

"ಅಕ್ಕಾ ಇಲ್ಲ, ಬೆಕ್ಕಾ ಇಲ್ಲ. ಹೆಂಗಸರ ಹಾಡನ್ನ ಮಂದ್ರದಲ್ಲಿ ಹಾಡು, ತೀರಾ ಕೆಳಗೆ ಹೋಗ್ದಿರಲಿ ಅಂತ ಶ್ರುತಿ ಎರಡು ಮೆಟ್ಟಿಲು ಏರಿಸ್ತೀನಿ. ನಿನ್ನಂಥ ಗಂಟಲಿಗೆ ಅಳತೆ ತಗೊಂಡು ಹೊಲಿದ ಹಾಗೆ ಕೂರತ್ತೆ."

ಹುಡುಕಿ ಹುಡುಕಿ ಒಂದು ಹಳೆಯ ಹಾಡು ಸಿಕ್ಕಿತು. ಹೆಂಡತಿಯೊಬ್ಬಳು ಬೆಳಿಗ್ಗೆ ಗಂಡನ ಅಂಗಿ ಒಗೆದು ಹಗ್ಗಕ್ಕೆ ಹರಡುವುದು ಮೊದಲ ಚರಣ. ಒಲೆಯ ಮೇಲೆ ಸಾರು ಕುದಿಯುತ್ತಿರುವುದು ಎರಡನೆಯದು. ನನ್ನ ಹಳೆಯ ಯಂತ್ರದ ಪರದೆಯ ಮೇಲೆ ಇದ್ದದ್ದು ಆ ಎರಡೇ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ನೋಡಿದೆವು, ಒಂದೂ ಕೆಟ್ಟ ಮಾತಿಲ್ಲ. ಹಾಡಿದ. ತಟ್ಟೆ ಒರೆಸುತ್ತಿದ್ದವಳು ನಿಂತುಬಿಟ್ಟೆ. ಹಾಳುಬಾವಿಯಂತೆ! ಅಂದವರ ಬಾಯಿಗೆ ಮಣ್ಣು ಹಾಕ.

"ಅಳಿಯ ಹೇಗೆ?" ಎಂದು ಒಂದು ದಿನ ಕೇಳಿದೆ.

"ಶೂಜಿನಾ? ಚಿನ್ನದಂಥವ್ನು. ಥೇಟ್ ನನ್ನ ಥರ. ಮಾತೇ ಇಲ್ಲ." ಅಂದು ಮಾತ್ರ ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಮದುವೆಯ ಊಟ ಬಂದರಿನ ಬಳಿಯ ಹೋಟೆಲಿನಲ್ಲಿ, ಮಧ್ಯಾಹ್ನ. ನಮ್ಮಲ್ಲಿ ಮದುವೆಯೆಂದರೆ ಅರ್ಧ ಊರೇ ಬರುತ್ತದೆ. ಹೆಣ್ಣಿನ ತಾಯಿ ಫುಸಾಕೊ ಕೂಡ, ತಾಯಂದಿರು ಮದುವೆಗೆಂದೇ ಉಡುವ ಕಪ್ಪು ಕಿಮೊನೊ ಉಟ್ಟು ಬಂದು, ಗೆನ್ಸುಕೆಯಿಂದ ಎರಡು ಮೇಜು ಆಚೆ ಕೂತಿದ್ದಳು. ಅಲ್ಲಿನ ಹಾಡಿನ ಯಂತ್ರದ ರಿಮೋಟು ನನ್ನ ಕೈಯಲ್ಲಿರಲಿ ಎಂದು ಗೆನ್ಸುಕೆ ಕಾಲು ಹಿಡಿಯುವುದೊಂದು ಬಾಕಿ, ಬೇಡಿಕೊಂಡಿದ್ದ. ಶ್ರುತಿ ಎರಡು ಏರಿಸಿ ಹಾಡು ಹಾಕಿದೆ.

ಅಂಗಿಯ ಚರಣ ಆಯಿತು. ಜನ ತಿನ್ನುವುದು ನಿಲ್ಲಿಸಿದರು. ಸಾರಿನ ಚರಣ ಆಯಿತು. ಚಿನಾಮಿ ಕಣ್ಣೊರೆಸಿಕೊಂಡಳು. ನಾನು ಚಪ್ಪಾಳೆಗೆ ಕೈ ಎತ್ತಿದೆ. ಆದರೆ ವಾದ್ಯ ನಿಲ್ಲಲಿಲ್ಲ.

ಹೋಟೆಲಿನದು ಹೊಸ ಯಂತ್ರ. ಅದರಲ್ಲಿ ಹಾಡು ಪೂರ್ತಿ ಇತ್ತು. ಪರದೆಯ ಮೇಲೆ ಮೂರನೆಯ ಚರಣ ದೊಡ್ಡ ಬಿಳಿ ಅಕ್ಷರಗಳಲ್ಲಿ ಮೂಡಿತು: ದೋಣಿ ಮರಳಲಿಲ್ಲ, ಇನ್ನು ನಾವು ಅಗಲೋಣ.

ನನ್ನ ಹೆಬ್ಬೆರಳು ನಿಲ್ಲಿಸುವ ಗುಂಡಿಯ ಮೇಲೆ ಹೋಯಿತು, ಅಲ್ಲೇ ಗಟ್ಟಿಯಾಯಿತು. ನಿಲ್ಲಿಸಿದರೆ ಮಗಳ ಮದುವೆಯಲ್ಲಿ ಅಪ್ಪನ ಹಾಡನ್ನು ನಡುವೆ ಕತ್ತರಿಸಿದ ಹಾಗೆ. ಬಿಟ್ಟರೆ ಅವನು ಆ ಮಾತನ್ನು ಹಾಡಬೇಕು. ಗೆನ್ಸುಕೆ ನನ್ನ ಕಡೆ ನೋಡಿದ. ಆ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ತಪ್ಪು ನನ್ನದು, ಹಾಡು ಆರಿಸಿದವಳು ನಾನು. ಹಾಡುವ ಹೊತ್ತಾಯಿತೆಂದು ಬಿಳಿ ಅಕ್ಷರಗಳು ಎಡದಿಂದ ಒಂದೊಂದಾಗಿ ನೀಲಿಯಾಗುತ್ತ ಬಂದವು. ಬೀಗಿತ್ತಿ ಚಮಚ ಕೆಳಗಿಟ್ಟಳು.

ಅವನು ಕಣ್ಣು ಮುಚ್ಚಿದ. ಮತ್ತೆ ಅಂಗಿಯ ಚರಣವನ್ನೇ ಹಾಡಿದ. ಪರದೆಯ ಮೇಲೆ ದೋಣಿ ಹೋಗುತ್ತಿದ್ದರೆ ಇವನ ಬಾಯಲ್ಲಿ ಅಂಗಿ ಒಣಗುತ್ತಿತ್ತು. ದನಿ ನಡುಗಿತು, ಆದರೆ ಕೊನೆಯವರೆಗೂ ಹೋಯಿತು. ಚಪ್ಪಾಳೆ ಬಿತ್ತು, ತುಸು ತಡವಾಗಿ.

ಅವನು ಮೈಕಿಟ್ಟು ಹೊರಗೆ ನಡೆದುಬಿಟ್ಟ, ನಾನು ಹಿಂದೆಯೇ ಓಡಿದೆ. ಅವನು ಮೊಗಸಾಲೆಯ ಗೋಡೆಗೆ ಒರಗಿದ್ದ, ಬೆನ್ನು ಬೆವರಿಗೆ ಒದ್ದೆ.

"ಎಲ್ಲರೂ ಓದಿದ್ರು ಅಲ್ವ ಅಕ್ಕ? ಓದಿದ್ರೂ ತಗುಲತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಫುಸಾಕೊ ಬಂದಳು. "ಮೂರನೇ ಚರಣ ಯಾಕೆ ಬಿಟ್ರಿ?"

"ಅಪ್ಪ ನಮ್ಮ ಮದುವೇಲಿ ಹಾಡಿದ್ದಕ್ಕೇ ಅಲ್ವ... ನೀನು ಹೋಗಿದ್ದು..."

"ಯಾವ ಹಾಡು?"

ಅವಳು ಆಟ ಕಟ್ಟುತ್ತಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ.

"ಏಳು ವರ್ಷ ನಿಮ್ಮೆದುರು ಕೂತು ಊಟ ಮಾಡಿದೀನಿ," ಅಂದಳು. "ಸಾರಿಗೆ ಉಪ್ಪು ಕಮ್ಮಿ ಆದ್ರೂ ಹೇಳ್ಲಿಲ್ಲ, ನಂಗೆ ಜ್ವರ ಬಂದ್ರೂ ಕೇಳ್ಲಿಲ್ಲ. ಗೋಡೆ ಜೊತೆ ಎಷ್ಟು ದಿನ ಬಾಳ್ಲಿ? ನಿಮ್ಮ ದನಿ ಹೀಗಿದೆ ಅಂತ ನಂಗೆ ಗೊತ್ತಾಗಿದ್ದೇ ಇವತ್ತು." ಬಾಗಿಲ ಕಡೆ ತಿರುಗಿದಳು. "ಚೆನ್ನಾಗಿದೆ."

ಅವಳು ಒಳಗೆ ಹೋದಳು. ತೆರೆದ ಬಾಗಿಲಲ್ಲಿ ಮದುಮಕ್ಕಳ ಮೇಜು ಕಾಣುತ್ತಿತ್ತು. ಚಿನಾಮಿ ಶೂಜಿಯ ಕಡೆ ತಿರುಗಿ ಏನೋ ಕೇಳಿದಳು. ಅವನು ತಟ್ಟೆ ನೋಡುತ್ತ ತಲೆಯಾಡಿಸಿದ. ಇನ್ನೇನೋ ಕೇಳಿ ನಕ್ಕಳು. ಮತ್ತೆ ತಲೆಯಾಡಿಸಿದ. ಅವಳ ನಗು ಸ್ವಲ್ಪ ಹೊತ್ತು ಹಾಗೇ ಇದ್ದು ಇಳಿಯಿತು. ನನ್ನ ಪಕ್ಕದಲ್ಲಿ ಗೆನ್ಸುಕೆ ಗೋಡೆ ಬಿಟ್ಟು ನೆಟ್ಟಗೆ ನಿಂತ. ಹಾಡುವಾಗಲೂ ಅವನು ಅಷ್ಟು ಹೆದರಿರಲಿಲ್ಲ.

ದಾಪುಗಾಲು ಹಾಕುತ್ತ ಒಳಗೆ ನಡೆದ. ನೆಂಟರು ಸರಿದು ದಾರಿ ಬಿಟ್ಟರು. ಅಳಿಯನ ಮುಂದೆ ನಿಂತು ಎರಡು ಕೈಯನ್ನೂ ಮೇಜಿನ ಮೇಲೆ ಊರಿದ. ಕೈಯಲ್ಲಿ ಮೈಕಿರಲಿಲ್ಲ. ಆದರೂ ಆ ದನಿ ಕೊನೆಯ ಮೇಜಿನವರೆಗೂ ಹೋಯಿತು.

"ಶೂಜಿ, ಇವಳ ಜೊತೆ ಮಾತಾಡಪ್ಪ. ದಿನಾ ಮಾತಾಡು."

ಶೂಜಿ ಬೆಚ್ಚಿ ಎದ್ದು ನಿಂತು ತಲೆಯಾಡಿಸಿದ.

"ತಲೆ ಆಡಿಸ್ಬೇಡ," ಅಂದ ಗೆನ್ಸುಕೆ. "ಬಾಯಿ ಬಿಟ್ಟು ಹೇಳು."