ಗುರುಬಾಯಿ ಅತ್ತೆ ಹೂತಿಟ್ಟ ಗಡಿಗೆ

ಗುರುಬಾಯಿ ಅತ್ತೆಯನ್ನು ನೆನೆದರೆ ನನಗೆ ಮೊದಲು ಕಾಣುವುದು ಅವಳ ಬೆನ್ನು. ಬೆಳಗಿನ ಹೊತ್ತು ಬಾಗಿಲ ಬಳಿ ಬೀದಿಗೆ ಮುಖ ಮಾಡಿ ಕೂತಿರುತ್ತಿದ್ದಳು. ಒಳಗೆ ನಾನು ಬೂದಿ ಸರಿಸಿ, ಬಿಸಿ ಗಡಿಗೆಯ ಮುಚ್ಚಳಕ್ಕೆ ಕೈ ಹಾಕುತ್ತಿದ್ದೆ. ಅವಳು ಅಪ್ಪಿತಪ್ಪಿಯೂ ಹಿಂದೆ ನೋಡುತ್ತಿರಲಿಲ್ಲ.

“ಬೆಂದಾವೇನ್ ಬೇ ನೀಲವ್ವ?”

“ಬೆಂದಾವ್ರಿ ಅತ್ತಿ, ಇತ್ತ ತಿರುಗ್ರಿ” ಎಂದ ಮೇಲೆಯೇ ಎದ್ದು ಬರುತ್ತಿದ್ದಳು.

ನಾನು ಮದುವೆಯಾಗಿ ಮಟಕಿ ಊರಿಗೆ ಬಂದಾಗ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು; ನೆಂಟಳಲ್ಲದಿದ್ದರೂ ಅತ್ತೆ ಎನ್ನುತ್ತಿದ್ದೆ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಒಂದು ಕರಿ ಎಮ್ಮೆ ಮತ್ತು ಬಾಯಿ. ಆ ಬಾಯಿಗೆ ಓಣಿಯೇ ಹೆದರುತ್ತಿತ್ತು. ಆದರೆ ಅವಳ ಅವರೆಕಾಳಿನ ವಾಸನೆ ಬಂದ ಬೆಳಿಗ್ಗೆ ಅದೇ ಓಣಿ ಏನಾದರೊಂದು ನೆಪ ಹುಡುಕಿಕೊಂಡು ಅವಳ ಅಂಗಳಕ್ಕೆ ಬರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ, ಅರೆಬೆಂದ ಕಾಳಿಗೆ ಬೆಲ್ಲ, ಹುಣಸೆಹುಳಿ, ಕುಟ್ಟಿದ ಬೆಳ್ಳುಳ್ಳಿ, ಕೆಂಪು ಖಾರ ಬೆರೆಸಿ ಮಣ್ಣಿನ ಗಡಿಗೆಗೆ ಸುರಿಯುತ್ತಿದ್ದಳು. ಮುಚ್ಚಳವಿಟ್ಟು ಅದರ ಸುತ್ತ ಜೋಳದ ಹಿಟ್ಟು ಕಲಸಿ ಮೆತ್ತಿ, ಸಗಣಿ ಕುಳ್ಳಿನ ಕೆಂಡವಿದ್ದ ನೆಲದ ಕುಣಿಯಲ್ಲಿಳಿಸಿ ಮೇಲೆ ಬೂದಿ ಮುಚ್ಚುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಕಾಳು ಕಂದು ಬಣ್ಣಕ್ಕೆ ತಿರುಗಿ, ನಾಲಿಗೆಯ ಮೇಲಿಟ್ಟರೆ ಕರಗುವಂತಾಗುತ್ತಿತ್ತು.

ತೆಗೆಯಲು ಮಾತ್ರ ಬೇರೆಯವರೇ ಬೇಕು. “ಮುಚ್ಚಿದ ಕೈ ತೆಗೀಬಾರ್ದವ್ವ. ಮುಚ್ಚಿದಾಕಿ ನೋಡಲೂಬಾರ್ದು. ಕಾಳು ಬಿರುಸಾಗ್ತಾವ” ಎನ್ನುತ್ತಿದ್ದಳು. ಇದೆಂಥ ಹುಚ್ಚು ಶಾಸ್ತ್ರ ಎಂದು ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ.

ಒಮ್ಮೆ ನಾವು ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಬಂಡಿ ಕಟ್ಟಿಕೊಂಡು ಹೋದೆವು. ತಿರುಗಿ ಬರುವ ದಿನಕ್ಕೆ ಸರಿಯಾಗಿ ಅವಳು ಗಡಿಗೆ ಹೂತಿದ್ದಳು. ಗಾಲಿಯ ಕೀಲು ಮುರಿದು, ಬೆಳಿಗ್ಗೆ ಬರಬೇಕಾದ ನಾವು ಬಂದದ್ದು ಇಳಿಹೊತ್ತಿಗೆ. ಅವಳು ಅಲ್ಲಿಯವರೆಗೆ ಉಪವಾಸ, ಬೀದಿಗೆ ಮುಖ ಮಾಡಿ ಕೂತೇ ಇದ್ದಳು. ಮುಖ ಬಾಡಿತ್ತು, ಬಾಯಿ ಬಾಡಿರಲಿಲ್ಲ.

“ದೇವಿ ನಿನ್ನ ಅಲ್ಲೇ ಇಟ್ಕೊಂಡ್ಳೇನಂತ ಮಾಡಿದ್ದೆ! ನಡಿ ಬೇ ಒಳಗ, ಜೀವ ಹೋಗಾಕತ್ತದ.”

ಬೇರೆ ಯಾರನ್ನಾದರೂ ಕರೆಯಬಹುದಿತ್ತಲ್ಲ ಎಂದು ಕೇಳಿದೆ. “ನಿನ್ನ ಸಲುವಾಗಿ ಹೂತಿದ್ದು” ಎಂದಳು. ಅಂದು ನನಗೆ ನಗು ಬರಲಿಲ್ಲ. ಒಬ್ಬಳೇ ಕೂತು ಉಣ್ಣಲಾಗದಂಥ ಅಡುಗೆಯನ್ನು ಅವಳು ಬೇಕೆಂದೇ ಹಿಡಿದುಕೊಂಡಿದ್ದಳು.

ಮರುವರ್ಷ ನಮ್ಮೂರಿದ್ದ ನಿಜಾಮನ ಸೀಮೆಯಲ್ಲಿ ಲೂಟಿ, ಗಲಾಟೆ ಹೆಚ್ಚಿತು. ಊರು ಊರೇ ಗಡಿ ದಾಟಿ ಸೊಲ್ಲಾಪುರದ ಕಡೆ ಹೊರಟಿತು. ಒಂದು ಸಂಜೆ ನಮ್ಮ ಬಂಡಿಯೂ ಸಿದ್ಧವಾಯಿತು. ಅತ್ತೆಯ ಕೈ ಹಿಡಿದು ಜಗ್ಗಿದೆ, ಅವಳು ಕದಲಲಿಲ್ಲ.

“ಎಮ್ಮಿಗಿ ದಿನ ತುಂಬ್ಯಾವ, ಅಷ್ಟು ದೂರ ಹ್ಯಾಂಗ ನಡದೀತು? ಈದ ಮ್ಯಾಲ ಬರ್ತೇನಿ, ಹೋಗು.”

ಆಗಷ್ಟೇ ಹೂತಿದ್ದ ಗಡಿಗೆಯನ್ನು ಮುಚ್ಚಳ ಬಿಚ್ಚದೆಯೇ ಮೇಲೆತ್ತಿ, ಬಿಸಿ ಬೂದಿ ತುಂಬಿದ ಹಳೆಯ ಕೊಡದಲ್ಲಿಳಿಸಿ, ಕೌದಿ ಸುತ್ತಿ ನನ್ನ ಮಗ್ಗುಲಲ್ಲಿಟ್ಟಳು. “ಗಡಿ ದಾಟಿದ ಮ್ಯಾಲ ತೆಗಿ.” ಹಾಗೆಂದವಳೇ ನಮಗೆ ಬೆನ್ನು ಹಾಕಿ ನಿಂತಳು. ಬಂಡಿ ಓಣಿ ತಿರುಗುವವರೆಗೂ ಇತ್ತ ನೋಡಲಿಲ್ಲ.

ಬೆಳಿಗ್ಗೆ ಗಡಿಯಾಚೆ, ಒಂದು ಬೇವಿನ ಮರದ ಕೆಳಗೆ ಮುಚ್ಚಳ ತೆಗೆದೆ. ಕಾಳು ಹದವಾಗಿ ಬೆಂದಿದ್ದವು. ಸುತ್ತಲಿನವರೆಲ್ಲ ಬೆರಳು ನೆಕ್ಕಿದರು. ಅಂದಿನಿಂದ ಗಡಿ ದಾಟಿ ಬಂದ ಪ್ರತಿ ಬಂಡಿಯಲ್ಲೂ ಅವಳನ್ನು ಹುಡುಕಿದೆ. ಎಮ್ಮೆಯ ಹಗ್ಗ ಹಿಡಿದು ನಡೆದು ಬರುವ ಯಾವ ಹೆಂಗಸನ್ನು ಕಂಡರೂ ಎದ್ದು ನಿಲ್ಲುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಿಜಾಮನ ಆಳ್ವಿಕೆ ಮುಗಿಯಿತು, ನಾವು ಊರಿಗೆ ಮರಳಿದೆವು. ಅವಳ ಗಡಿಗೆಯನ್ನು ಬರಿದಾಗಿ ಕೊಡಬಾರದೆಂದು ಸೊಲ್ಲಾಪುರದ ಅವರೆಕಾಳು ತುಂಬಿಕೊಂಡು ಬಂದಿದ್ದೆ. ಅವಳ ಬಾಗಿಲಿಗೆ ಚಿಲಕ ಹಾಕಿತ್ತು. ಎದುರುಮನೆಯ ಕಾಸಿಂ ಚಾಚಾ, ಗಾದಿಗೆ ಹತ್ತಿ ತುಂಬುವ ಮುದುಕ, ಅಂಗಳದಲ್ಲಿ ಎಮ್ಮೆ ಮತ್ತು ಕರುವಿಗೆ ಮೇವು ಹಾಕುತ್ತಿದ್ದ.

“ಕರಾ ಗಟ್ಟಿಯಾಗ್ಲಿ, ಹೋಗ್ತೇನಿ ಅಂತಿದ್ಲು ಬೇಟಿ. ಅಷ್ಟರಾಗ ಜ್ವರ ಬಂತು. ಉಳೀಲಿಲ್ಲ.” ಎಮ್ಮೆಯ ಮುಂದೆ ಮೇವು ಸರಿಸುತ್ತ ಹೇಳಿದ: “ನೀ ಹ್ವಾದ ಮ್ಯಾಲೂ ಗಡಿಗಿ ಹೂಳಾದು ಬಿಡ್ಲಿಲ್ಲ. ತೆಗ್ಯಾಕ ನನ್ನ ಕರೀತಿದ್ಲು. ನೀಲವ್ವ ಬರೂ ತನಕ ನೀನಽ ತೆಗಿ ಚಾಚಾ ಅಂತಿದ್ಲು.”

ಮರುದಿನ ಸಂಜೆ ಅವಳ ಮನೆಯ ಚಿಲಕ ತೆಗೆದು, ಅದೇ ಕುಣಿಯಲ್ಲಿ ಕುಳ್ಳು ಹೊತ್ತಿಸಿದೆ. ಗಡಿಗೆಯ ಮುಚ್ಚಳಕ್ಕೆ ಹಿಟ್ಟು ಮೆತ್ತಿದ್ದು ಈ ಸಲ ನನ್ನ ಕೈ. ಬೆಳಿಗ್ಗೆ ಚಾಚಾನನ್ನು ಕರೆದೆ. ಅವನು ಬೂದಿ ಸರಿಸುವಾಗ ನಾನು ಅವಳ ಜಾಗದಲ್ಲಿ, ಬೀದಿಗೆ ಮುಖ ಮಾಡಿ ಕೂತೆ. ನಮ್ಮ ಬಂಡಿ ಹೋದ ದಾರಿ ಅಲ್ಲಿಂದ ತಿರುವಿನವರೆಗೂ ಕಾಣುತ್ತಿತ್ತು. ಅಷ್ಟು ತಿಂಗಳು ಅವಳು ಇದನ್ನೇ ನೋಡುತ್ತ ಕೂತಿದ್ದಳು.

“ಬೆಂದಾವೇನ್ರಿ ಚಾಚಾ?” ಎಂದೆ.

“ಬೆಂದಾವ ಬೇಟಿ. ಇತ್ತ ತಿರುಗು.”

ನನಗೆ ತಿರುಗಲಾಗಲಿಲ್ಲ.