ಕರೆಂಟು ಇಲ್ಲದಾಗ ಕೇಳಿದ ಸ್ಯಾಕ್ಸೊಫೋನು

ನಮ್ಮವರು ನಿಪ್ಪಾಣಿಯ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನು ನುಡಿಸುತ್ತಿದ್ದರು. ತೊಂಬತ್ತನೇ ಇಸವಿಯ ಆಸುಪಾಸು ಮಿರಜಿನ ಡಾಕ್ಟರು ಅವರ ಎದೆಯ ಫೋಟೊ ನೋಡಿ, "ಇನ್ನ ಊದಿದ್ರ ಎದಿ ಒಡೀತೈತಿ, ಜೀವ ಉಳ್ಯಾಂಗಿಲ್ಲ" ಅಂದರು. ಅಂದಿನಿಂದ ವಾದ್ಯ ಪೆಟ್ಟಿಗೆ ಸೇರಿತು, ನನ್ನೊಳಗೆ ಭಯ ಮನೆಮಾಡಿತು. ನಾನು ಬೆಳಿಗ್ಗೆ ತಂಬಾಕು ಕೂಡಿಡುವ ವಖಾರಿಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅವರೊಬ್ಬರೇ. ಕಾಯಲು ಮತ್ಯಾರಿದ್ದಾರೆ?

ಊದುವುದು ಬಿಟ್ಟವರು ಕೇಳುವುದಕ್ಕೆ ಹತ್ತಿದರು. ಹಿಂದೊಮ್ಮೆ ಅಥಣಿಯ ಮದುವೆಗೆ ಬಂದಿದ್ದ ಪುಣೆಯವರೊಬ್ಬರು ಇವರು ಊದಿದ್ದನ್ನು ಮೆಚ್ಚಿ ಕೊಟ್ಟ ಕ್ಯಾಸೆಟ್ಟು. ಜಾಝ್ ಅಂತೆ, ಅಮೆರಿಕದವನೊಬ್ಬ ಊದಿದ ಸ್ಯಾಕ್ಸೊಫೋನು. ಎರಡೂ ಬದಿಗೆ ಒಂದೇ ರಚನೆ: ಒಂದು ಮುಚ್ಚಿದ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು, ಇನ್ನೊಂದು ಜನರ ಮುಂದೆ. ಒಂದೇ ಎಂದು ನಮ್ಮವರು ಹೇಳಬೇಕು, ನಾವು ನಂಬಬೇಕು. ಮೊದಲನೆಯದರಲ್ಲಿ ಹುಡುಕಿದರೆ ತುಸು ರಾಗ ಸಿಗುತ್ತಿತ್ತು. ಎರಡನೆಯದರಲ್ಲಿ ಆ ಪುಣ್ಯಾತ್ಮ ರಾಗವನ್ನು ಹರಿದು ಚಿಂದಿ ಮಾಡಿ, ಚೀರಿ, ನರಳಿ, ಕೊನೆಗೆ ಬರೀ ಉಸಿರಿಗೆ ಬಂದು ನಿಲ್ಲುತ್ತಿದ್ದ.

ಪಕ್ಕದ ಮನೆಯಾಕೆ ಮೊದಲ ಸಲ ಕೇಳಿದಾಗ ಸೆರಗು ಬಾಯಿಗಿಟ್ಟುಕೊಂಡು ಓಡಿಬಂದಿದ್ದಳು. "ಯಾರ್ ಹ್ವಾದ್ರು ಬೇ?"

"ಯಾರೂ ಹೋಗಿಲ್ಲವ್ವಾ, ಜಾಝ್ ಐತಿ," ಅಂದೆ.

"ಇಂಥಾ ಅಪಶಕುನ ಮನ್ಯಾಗ ಹಚ್ಚಬ್ಯಾಡ್ರಿ" ಎಂದು ಬೈದು ಹೋದಳು. ಆಕೆ ಇದ್ದಷ್ಟು ಹೊತ್ತು ನಕ್ಕೆ. ಆಮೇಲೆ ನಗು ಬರಲಿಲ್ಲ.

ಕೇಳುತ್ತ ಕೂತ ನಮ್ಮವರ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. "ಹಿಂಗೂ ಊದಬಹುದು ಅಂತ ನಂಗ್ಯಾರೂ ಹೇಳಿರಲಿಲ್ಲಲ್ಲ," ಎನ್ನುತ್ತಿದ್ದರು. ಸಂಜೆ ಓಣಿ ತಿರುಗುವಾಗ ಸದ್ದು ಬಂದರೆ, ಕ್ಯಾಸೆಟ್ಟಿನದೋ ಇವರದೋ ಎಂದು ನಿಂತು ಆಲಿಸುತ್ತಿದ್ದೆ. ಅಷ್ಟರಲ್ಲಿ ಆ ಚೀರಾಟವೆಲ್ಲ ನನಗೆ ಬಾಯಿಪಾಠವಾಗಿತ್ತು.

ಒಂದು ದಿನ ಕರೆಂಟು ಹೋಗಿ ವಖಾರಿಯಿಂದ ನಮ್ಮನ್ನು ಮಧ್ಯಾಹ್ನವೇ ಬಿಟ್ಟರು. ಓಣಿಯ ಹಿಟ್ಟಿನ ಗಿರಣಿಯೂ ಬಂದ್ ಆಗಿತ್ತು. ಮನೆಯ ಕಡೆಯಿಂದ ಸ್ಯಾಕ್ಸೊಫೋನು ಕೇಳಿತು. ನಮ್ಮ ಟೇಪು ಕರೆಂಟಿಲ್ಲದೆ ಹಾಡುವಂಥದ್ದಲ್ಲ. ಚಪ್ಪಲಿ ಎಲ್ಲಿ ಬಿಟ್ಟೆನೋ, ಓಡಿದೆ.

ಗೋಡೆಗೊರಗಿ ಕೂತಿದ್ದರು. ತುಟಿ ನೀಲಿ, ಮುಖದ ತುಂಬ ನಗು. "ಜೀವ ಬ್ಯಾಡಾಗೇತೇನ್ರಿ?" ಎಂದು ವಾದ್ಯಕ್ಕೆ ಕೈಹಾಕಿದೆ. ಕೊಡಲಿಲ್ಲ.

"ಜನ್ಮಪೂರ್ತಿ ಮಂದಿ ಹಾಡ ಊದೇನಿ. ಒಂದರ ನಂದು ಇರಲಿ. ಕರೆಂಟ್ ಬಂದಕೂಡ್ಲೆ ರೆಕಾರ್ಡ್ ಮಾಡೂಣು. ಬಟನ್ ನೀ ಒತ್ತು."

ಅತ್ತುಕರೆದೆ, ಬೈದೆ, ಕಾಲು ಹಿಡಿದೆ. ಕರೆಂಟು ಬರಬಾರದೆಂದು ದೇವರಿಗೆ ಕೈಮುಗಿದೆ. ಬಂತು. ಒತ್ತಿದೆ.

ಒಂದೇ ಸಲ ಊದಿದರು. ಮುಗಿದ ಮೇಲೆ ಬಂದ್ ಮಾಡೆಂದು ಕೈಸನ್ನೆ ಮಾಡಿದರು. ನಾನು ಎಲ್ಲಿ ಮಾಡಲಿ? ಅವರ ಏದುಸಿರನ್ನೇ ನೋಡುತ್ತ ಕೂತುಬಿಟ್ಟಿದ್ದೆ. ಹಾಗಾಗಿ ಆ ಕ್ಯಾಸೆಟ್ಟಿನಲ್ಲಿ ಹಾಡಿಗಿಂತ ಉಸಿರೇ ಹೆಚ್ಚು ತುಂಬಿದೆ.

ಆ ಚಳಿಗಾಲದಲ್ಲಿ ಅವರು ಹೋದರು. ಬ್ಯಾಂಡಿನವರು ಆಗೀಗ ಬಂದು ಹಾಡು ಕೇಳಿ ಹೋಗುತ್ತಾರೆ. ನಾನು ಒಬ್ಬಳೇ ಇದ್ದಾಗ ಹಾಡು ದಾಟಿಸಿ ಆ ಉಸಿರು ಹಚ್ಚಿಕೊಂಡು ಕೂರುತ್ತೇನೆ. ಕೊನೆಯವರೆಗೆ ಮಾತ್ರ ಎಂದೂ ಬಿಡುವುದಿಲ್ಲ. ಟೇಪು ಮುಗಿಯುವ ಮುಂಚೆಯೇ ಬಂದ್ ಮಾಡುತ್ತೇನೆ. ಆ ಉಸಿರು ನಿಲ್ಲುವುದನ್ನು ಇನ್ನೊಮ್ಮೆ ಕೇಳುವ ಧೈರ್ಯ ನನಗಿಲ್ಲ.